ಅಟ್ಟದ ಮಡಿಸುವ ಏಣಿ: ಅದನ್ನು ತೆರೆಯುವ ಮತ್ತು ಮುಚ್ಚುವ ಕ್ರಮ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಅದು ವಿದ್ಯಾಭ್ಯಾಸದ ಗುರಿ, ಗೃಹಧರ್ಮ, ಸ್ತ್ರೀಯರ ಕರ್ತವ್ಯ ಮೊದಲಾದ ಗಂಭೀರ ವಿಷಯಗಳನ್ನು ಕುರಿತಿರುವುದೆಂದು ವಾಚಕರು ನಿರೀಕ್ಷಿಸುವುದು ಸಹಜವಾಗಿದೆ. ಈ ಸಾರಿ ನಾವು ಏಣಿಯನ್ನು ಕುರಿತು ಬರೆಯಲು ಕುಳಿತಿದ್ದೇವೆ. ಇದನ್ನು ಕಂಡು ಕೆಲವರು ನಗಬಹುದು. ನಗಲಿ, ಆದರೆ ನಕ್ಕು ಮುಗಿದ ಮೇಲೆ ಕಡೆಯ ವರೆಗೂ ಓದಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ. ಏಕೆಂದರೆ ಮನೆಯೊಳಗಿನ ಅಪಾಯಗಳಲ್ಲಿ ಹೆಚ್ಚಿನವು ಬೆಂಕಿ, ನೀರು, ವಿಷ ಮೊದಲಾದ ಭಯಂಕರ ರೂಪದಿಂದ ಬರುವುದಿಲ್ಲ. ಅವು ನಿತ್ಯ ನೋಡುವ ಸ್ಟೂಲು, ಬೆಂಚು, ಏಣಿಗಳ ರೂಪದಿಂದಲೇ ಬರುತ್ತವೆ.

ಈ ಲೇಖನಕ್ಕೆ ಕಾರಣವಾದುದು ಒಂದು ಕಾಗದ. ಅಮೆರಿಕ ದೇಶದಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಕ್ರಿಸ್ಮಸ್ಸಿನ ಕಾಲದಲ್ಲಿ ನಮಗೆ ಬರೆದಿದ್ದಳು. ಆಕೆಯ ಮನೆಯ ಒಳಮಾಡಿನಲ್ಲಿ ಒಂದು ಚೌಕ ಕದವಿದೆ. ಅದರಿಂದ ಒಂದು ಹಗ್ಗ ಇಳಿಬಿದ್ದಿದೆ. ಹಗ್ಗವನ್ನು ಎಳೆದರೆ ಕದವು ಕೆಳಗಿಳಿದು, ಅದರ ಬೆನ್ನಿನ ಮೇಲೆ ಮಡಿಸಿಟ್ಟಿರುವ ಏಣಿಯು ಬಿಚ್ಚಿಕೊಳ್ಳುತ್ತದೆ. ಕ್ರಿಸ್ಮಸ್ಸಿನ ಅಲಂಕಾರದ ಸಾಮಾನುಗಳೆಲ್ಲ ಆ ಅಟ್ಟದಲ್ಲಿವೆ. ಯಜಮಾನರು ಊರಲ್ಲಿಲ್ಲ. ಮಗಳು ನಕ್ಷತ್ರ ಬೇಕೆಂದು ಹಟ ಹಿಡಿದಿದ್ದಾಳೆ. ತಾಯಿಯಾದರೋ ಹಗ್ಗವನ್ನು ಹಿಡಿದು ಹತ್ತು ನಿಮಿಷ ನಿಂತು, ಎಳೆಯಲು ಧೈರ್ಯ ಸಾಲದೆ ಬಿಟ್ಟುಬಿಟ್ಟಳಂತೆ. “ನೀವು ನಮಗೆ ತ್ರಿಕೋನಮಿತಿಯನ್ನು ಕಲಿಸಿದಿರಿ, ಕಸೂತಿಯನ್ನು ಕಲಿಸಿದಿರಿ, ಏಣಿ ಹತ್ತುವುದನ್ನು ಮಾತ್ರ ಕಲಿಸಲಿಲ್ಲ ಟೀಚರ್” ಎಂದು ಆಕೆ ಬರೆದಿದ್ದಳು. ವಿನೋದಕ್ಕಾಗಿ ಬರೆದ ಮಾತಾದರೂ ಅದು ನಮ್ಮ ಮನಸ್ಸಿಗೆ ನಾಟಿತು. ಆ ಕಾಗದಕ್ಕೆ ಉತ್ತರವನ್ನು ಆಕೆಯೊಬ್ಬಳಿಗೇ ಬರೆಯದೆ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಅಟ್ಟವೆಂಬುದು ನಮ್ಮ ದೇಶಕ್ಕೆ ಹೊಸದಲ್ಲ. ೧೮೬೫ನೆಯ ಇಸವಿಯಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕರಾವಳಿಯಲ್ಲಿ ಹೆಂಚಿನ ಮಾಡಿನ ಮನೆಗಳು ಹೆಚ್ಚಿದವು. ಆ ಮಾಡಿನ ಇಳಿಜಾರಿಗೂ ಕೆಳಗಿನ ಮರದ ಮುಚ್ಚಿಗೆಗೂ ನಡುವೆ ಉಳಿಯುವ ಜಾಗವೇ ಅಟ್ಟ. ಹಂಡೆ, ಕೊಪ್ಪರಿಗೆ, ಉಪ್ಪಿನಕಾಯಿಯ ಭರಣಿ, ಹಲಸಿನ ಹಪ್ಪಳದ ಡಬ್ಬಿ, ಅಜ್ಜನ ಕಾಲದ ಪುಸ್ತಕ, ಮೊಮ್ಮಕ್ಕಳ ತೊಟ್ಟಿಲು, ಇವೆಲ್ಲಕ್ಕೂ ಅದೇ ಆಶ್ರಯ. ಅಲ್ಲಿಗೆ ಹೋಗುವುದಕ್ಕೆ ಗೋಡೆಗೆ ಒರಗಿಸುವ ಬಿದಿರಿನ ಅಥವಾ ಮರದ ಏಣಿಯೇ ಸಾಧನವಾಗಿತ್ತು. ಮಡಿಸುವ ಏಣಿಯು ಅಮೆರಿಕ, ಯೂರೋಪುಗಳ ಮನೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು. ನಮ್ಮ ಕಡೆಯ ಮನೆಗಳಿಗೆ ಈಚೆಗೆ ಅಲ್ಲೊಂದು ಇಲ್ಲೊಂದು ಬರುತ್ತಿದೆ. ನಮ್ಮ ಶಾಲೆಯ ಹೊಲಿಗೆಯ ಕೊಠಡಿಯ ಅಟ್ಟಕ್ಕೂ ಈಗ ಅಂತಹದೊಂದು ಏಣಿಯಿದೆ. ಅದು ಹೇಗೆ ಬಂದಿತೆಂಬುದನ್ನು ಹೇಳದೆ ಮುಂದುವರಿದರೆ ನಾವು ಪ್ರಾಮಾಣಿಕರಾಗಲಾರೆವು.

ಕೆಲವು ವರ್ಷಗಳ ಹಿಂದೆ, ವಾರ್ಷಿಕೋತ್ಸವಕ್ಕೆ ನಾಲ್ಕು ದಿನಗಳಿರುವಾಗ, ನಾಟಕದ ಉಡುಪಿನ ಪೆಟ್ಟಿಗೆಯನ್ನು ಇಳಿಸುವುದಕ್ಕಾಗಿ ನಮ್ಮ ಆಯಾ ಒರಗೇಣಿಯನ್ನು ಹತ್ತಿದಳು. ಗೋಡೆಯ ಬುಡದಲ್ಲಿ ಕಪಾಟುಗಳಿದ್ದುದರಿಂದ ಏಣಿಯ ಬುಡವನ್ನು ಇರಬೇಕಾದುದಕ್ಕಿಂತ ದೂರಕ್ಕೆ ಇಟ್ಟಿದ್ದೆವು. “ನಾವು ಹಿಡಿದುಕೊಂಡಿದ್ದೇವೆ, ನೀನು ಹತ್ತು” ಎಂದು ಹೇಳಿದವರು ನಾವೇ. ಆಕೆ ಮೇಲಿನ ಮೆಟ್ಟಲನ್ನು ಮುಟ್ಟಿದಾಗ ಬಾಗಿಲಲ್ಲಿ ಯಾರೋ ಪೋಷಕರು ಬಂದು ನಿಂತರು. ನಾವು “ಒಂದೇ ನಿಮಿಷ” ಎಂದು ಏಣಿಯನ್ನು ಬಿಟ್ಟು ಅವರ ಕಡೆಗೆ ತಿರುಗಿದೆವು. ನಯವಾದ ಕಾವಿಯ ನೆಲದ ಮೇಲೆ ಏಣಿಯು ಸರಿದುಹೋಯಿತು.

ದೇವಕೃಪೆಯಿಂದ ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ಆಕೆಯ ಬಲಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ಕರೆದೊಯ್ಯುವಾಗ ಆಕೆ, “ನನ್ನ ಕಾಲೇ ಜಾರಿತು ಟೀಚರಮ್ಮಾ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ನಮಗೇ ಸಮಾಧಾನ ಹೇಳಿದಳು. ಜಾರಿದ್ದು ಆಕೆಯ ಕಾಲಲ್ಲ, ಏಣಿಯ ಕಾಲು. ಏಣಿಯ ಕಾಲಿಗಿಂತ ಮೊದಲು ಜಾರಿದ್ದು ನಮ್ಮ ಕೈ. ಮೂಳೆಯು ಕೂಡಿಕೊಂಡಿತು. ಆದರೂ ಬೆರಳುಗಳನ್ನು ಬಿಗಿಯಾಗಿ ಮಡಿಸುವ ಶಕ್ತಿಯು ಪೂರ್ಣವಾಗಿ ಮರಳಲಿಲ್ಲ. ಈ ಸಂಚಿಕೆಯನ್ನು ಓದುವವರಲ್ಲಿ ಅನೇಕರು ಆಕೆ ಬಾರಿಸಿದ ಗಂಟೆಗೆ ಓಡಿಬಂದವರು. ಅಂದಿನಿಂದ ನಿವೃತ್ತಿಯ ದಿನದ ವರೆಗೆ ಆಕೆ ಆ ಗಂಟೆಯ ಹಗ್ಗವನ್ನು ಎಡಗೈಯಿಂದಲೇ ಎಳೆದಳೆಂಬುದನ್ನು ನೀವು ತಿಳಿಯಿರಿ.

ತರುವಾಯ ನಮ್ಮ ಗಣಿತದ ಉಪಾಧ್ಯಾಯಿನಿಯವರು ಅದರ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಿದರು. ಗೋಡೆಗೆ ಒರಗಿಸಿದ ಏಣಿಯು ೧೨ ಅಡಿ ಎತ್ತರಕ್ಕೆ ಮುಟ್ಟುವುದಾದರೆ ಅದರ ಬುಡವು ಗೋಡೆಯಿಂದ ೩ ಅಡಿ ದೂರದಲ್ಲಿರಬೇಕು. ನಾಲ್ಕಕ್ಕೆ ಒಂದು ಎಂಬುದು ಸೂತ್ರ. ಗೋಡೆಯು ನುಣುಪಾಗಿದೆಯೆಂದೂ ಏಣಿಯ ಸ್ವಂತ ಭಾರವು ಅಲ್ಪವೆಂದೂ ಎಣಿಸಿದರೆ, ೬೦ ಕಿಲೋ ತೂಕದವರು ತುದಿಯ ಬಳಿ ನಿಂತಾಗ ಏಣಿಯ ಬುಡವನ್ನು ಹೊರಕ್ಕೆ ತಳ್ಳುವ ಬಲವು ಸುಮಾರು ೧೫ ಕಿಲೋ ಭಾರಕ್ಕೆ ಸಮವಾಗಿರುವುದು. ಬುಡವನ್ನು ೬ ಅಡಿ ದೂರಕ್ಕೆ ಇಟ್ಟರೆ ಅದೇ ಬಲವು ೩೦ ಕಿಲೋ ಆಗುವುದು. ಈ ಬಲವನ್ನು ತಡೆಯತಕ್ಕುದು ನೆಲದ ಘರ್ಷಣೆಯೊಂದೇ. ಹತ್ತುವವರು ಮೇಲೇರಿದಷ್ಟೂ ಈ ನೂಕು ಹೆಚ್ಚುತ್ತಾ ಹೋಗುವುದು. ಆದಕಾರಣವೇ ಕೆಳಗಿನ ಮೆಟ್ಟಲಲ್ಲಿ ಅಲುಗದ ಏಣಿಯು ಮೇಲಿನ ಮೆಟ್ಟಲಲ್ಲಿ ಮೋಸ ಮಾಡುತ್ತದೆ. ತ್ರಿಕೋನಮಿತಿಯನ್ನು ಕಲಿಸಿದ್ದೆವು, ಆದರೆ ಅದನ್ನು ನಮ್ಮ ಏಣಿಗೇ ಅನ್ವಯಿಸಿರಲಿಲ್ಲ!

ಈ ಘಟನೆಯ ಮೇಲೆ ಮಡಿಸುವ ಏಣಿಯನ್ನು ಹಾಕಿಸಿದೆವು. ಅದರ ಗುಣವೇನೆಂದರೆ, ಅದು ನೆಲದ ಘರ್ಷಣೆಯನ್ನೇ ನಂಬಿ ನಿಲ್ಲುವುದಿಲ್ಲ; ಅದರ ತಲೆಯು ಅಟ್ಟದ ಚೌಕಟ್ಟಿಗೆ ಭದ್ರವಾಗಿ ಬಿಗಿದಿರುತ್ತದೆ. ಆದರೂ ಅದಕ್ಕೆ ಅದರದೇ ಆದ ನಿಯಮಗಳುಂಟು. ಅವನ್ನು ತಿಳಿಯಬೇಕಾದರೆ ಮೊದಲು ಅದರ ಅಂಗಗಳನ್ನು ತಿಳಿಯಬೇಕು.

ಮರದ ಮಡಿಸುವ ಏಣಿಯಲ್ಲಿ ಸಾಮಾನ್ಯವಾಗಿ ಮೂರು ತುಂಡುಗಳಿರುತ್ತವೆ. ಮೇಲ್ತುಂಡು ಕದದ ಬೆನ್ನಿಗೆ ಬಿಗಿಯಲ್ಪಟ್ಟಿದೆ. ನಡುತುಂಡು ಅದಕ್ಕೂ, ಕೆಳತುಂಡು ನಡುತುಂಡಿಗೂ ಬಿಜಾಗರಿಗಳಿಂದ ಸೇರಿವೆ. ಕದದ ಒಂದು ಅಂಚು ಚೌಕಟ್ಟಿಗೆ ಬಿಜಾಗರಿಗಳಿಂದ ಕೂಡಿದ್ದು, ಇನ್ನೊಂದು ಅಂಚು ಕೆಳಗಿಳಿಯುತ್ತದೆ. ಎರಡು ಮಗ್ಗುಲಲ್ಲಿಯೂ ಕಬ್ಬಿಣದ ತೋಳುಗಳೂ ಬಲವಾದ ಸ್ಪ್ರಿಂಗುಗಳೂ ಇರುತ್ತವೆ. ಕದವು ಕೆಳಗಿಳಿಯುವಾಗ ಈ ಸ್ಪ್ರಿಂಗುಗಳು ಹಿಗ್ಗಿ, ಏಣಿಯ ಭಾರವನ್ನು ತಾವು ಹೊತ್ತು, ಕದವು ಧಡಾರನೆ ಬೀಳದಂತೆ ತಡೆಯುತ್ತವೆ. ಮುಚ್ಚುವಾಗ ಅವೇ ಕದವನ್ನು ಮೇಲಕ್ಕೆ ಎಳೆಯಲು ನೆರವಾಗುತ್ತವೆ. ಅಂದರೆ, ಏಣಿಯು ತೆರೆದಿರುವಾಗ ಸ್ಪ್ರಿಂಗಿನಲ್ಲಿ ಬಲವು ತುಂಬಿಕೊಂಡಿರುವುದು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟರೆ ಮುಂದಿನ ನಿಯಮಗಳಲ್ಲಿ ಅರ್ಧವು ತಾವಾಗಿಯೇ ತಿಳಿಯುವುವು.

ತೆರೆಯುವ ಕ್ರಮವನ್ನು ಹೇಳುತ್ತೇವೆ. ಮೊದಲು ಏಣಿಯು ಇಳಿಯುವ ಜಾಗವನ್ನು ಬರಿದುಮಾಡಿರಿ. ಕದವು ಇಳಿಯುವುದಕ್ಕೂ, ತುಂಡುಗಳು ಬಿಚ್ಚಿಕೊಳ್ಳುವುದಕ್ಕೂ, ನಾವು ಹಿಂದಕ್ಕೆ ಹೆಜ್ಜೆಯಿಡುವುದಕ್ಕೂ ಎಡೆ ಬೇಕು. ನೆಲದ ಚಾಪೆ, ಜಮಖಾನ, ಕಾಲೊರಸುಗಳನ್ನು ತೆಗೆಯಿರಿ. ನೀರು ಅಥವಾ ಎಣ್ಣೆಯ ಪಸೆಯಿದ್ದರೆ ಒರಸಿರಿ. ಏಣಿಯಿಳಿಯುವ ಜಾಗದಲ್ಲಿ ಬಾಗಿಲೊಂದು ತೆರೆದುಕೊಳ್ಳುವಂತಿದ್ದರೆ ಅದಕ್ಕೆ ಚಿಲಕ ಹಾಕಿರಿ. ಚಿಕ್ಕ ಮಕ್ಕಳನ್ನು ಬೇರೆ ಕೋಣೆಗೆ ಕಳುಹಿಸಿರಿ.

ಆಮೇಲೆ ಹಗ್ಗವನ್ನಾಗಲಿ ಕೊಕ್ಕೆಯ ಕೋಲನ್ನಾಗಲಿ ಹಿಡಿದು, ಕದದ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ನಿಂತು, ಮೆಲ್ಲನೆ ಸಮವಾಗಿ ಎಳೆಯಿರಿ. ಜಗ್ಗಬಾರದು. ಮಳೆಗಾಲದಲ್ಲಿ ಮರವು ತೇವದಿಂದ ಉಬ್ಬಿ ಕದವು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದುಂಟು. ಆಗ ಬಲವಾಗಿ ಜಗ್ಗಿದರೆ ಅದು ಒಮ್ಮೆಗೇ ಬಿಟ್ಟುಕೊಂಡು ತಲೆಯ ಮೇಲೆ ಬರುವುದು. ಕದವು ಕೈಗೆ ಎಟಕುವಷ್ಟು ಇಳಿದೊಡನೆ ಒಂದು ಕೈಯಿಂದ ಅದರ ಅಂಚನ್ನು ಹಿಡಿದು, ನಿಲ್ಲುವ ತನಕ ಇಳಿಸಿರಿ. ಕದವು ಎಂದಿಗಿಂತ ಭಾರವಾಗಿ ತೋರಿದರೆ, ಅಥವಾ ಒಂದು ಮಗ್ಗುಲು ಮುಂಚೆ ಇನ್ನೊಂದು ಮಗ್ಗುಲು ಹಿಂದೆ ಇಳಿದರೆ, ಸ್ಪ್ರಿಂಗು ಸೋತಿದೆಯೆಂದು ತಿಳಿದು ಅಲ್ಲಿಗೇ ನಿಲ್ಲಿಸಿರಿ.

ಇನ್ನು ತುಂಡುಗಳನ್ನು ಬಿಚ್ಚುವುದು. ಏಣಿಯ ಎದುರಿಗೆ ನಿಂತು, ಎರಡು ಕೈಗಳಿಂದ ಎರಡು ನಿಲುಗಂಬಗಳನ್ನು ಹಿಡಿದು, ಮಡಿಕೆಯನ್ನು ನಿಮ್ಮ ಕಡೆಗೆ ಎಳೆದು ನಡುತುಂಡನ್ನು ಬಿಡಿಸಿರಿ. ಅನಂತರ ಕೆಳತುಂಡನ್ನು ಬಿಡಿಸಿ ನೆಲಕ್ಕೆ ತಾಗಿಸಿರಿ. ಬೆರಳುಗಳು ಎಂದಿಗೂ ಎರಡು ತುಂಡುಗಳು ಕೂಡುವ ಜಾಗದಲ್ಲಿರಬಾರದು. ಬಿಜಾಗರಿಯು ಮುಚ್ಚಿಕೊಳ್ಳುವಾಗ ಅಡಕೆಯ ಕತ್ತರಿಯಂತೆ ಕೆಲಸಮಾಡುವುದು. ಅದಕ್ಕೆ ಅಡಕೆಯೂ ಒಂದೇ, ಬೆರಳೂ ಒಂದೇ.

ಏಣಿಯು ನೆಲಕ್ಕೆ ತಾಗಿದ ಮಾತ್ರಕ್ಕೆ ಅದು ತೆರೆಯಿತೆಂದು ತಿಳಿಯಬಾರದು. ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ಪಕ್ಕದಲ್ಲಿ ಕುಳಿತು ನೋಡಿರಿ. ಮೂರು ತುಂಡುಗಳೂ ಒಂದೇ ನೇರ ಗೆರೆಯಲ್ಲಿರಬೇಕು. ಕೂಡುವೆಡೆಗಳಲ್ಲಿ ಮರಕ್ಕೆ ಮರವು ಒತ್ತಿ ಕುಳಿತಿರಬೇಕು. ಒಂದು ಕಾಗದದ ಹಾಳೆಯು ತೂರುವಷ್ಟು ಸಂದೂ ಇರಬಾರದು. ಎರಡು ಕಾಲುಗಳೂ ನೆಲದ ಮೇಲೆ ಪೂರ್ಣವಾಗಿ ಊರಿರಬೇಕು. ಇದಕ್ಕೆ ಕಾರಣವುಂಟು. ತುಂಡುಗಳು ಒತ್ತಿ ಕುಳಿತಿರುವಾಗ ಹತ್ತುವವರ ಭಾರವು ಮರದಿಂದ ಮರಕ್ಕೆ ಇಳಿದು ನೆಲವನ್ನು ಸೇರುತ್ತದೆ. ಸಂದಿದ್ದರೆ ಆ ಭಾರವೆಲ್ಲ ಬಿಜಾಗರಿಯ ಚಿಕ್ಕ ಬೋಲ್ಟುಗಳ ಮೇಲೆ ಬೀಳುತ್ತದೆ. ಅವು ಆ ಭಾರವನ್ನು ಹೊರುವುದಕ್ಕಾಗಿ ಹಾಕಿದವುಗಳಲ್ಲ. ಏಣಿಯ ಕಾಲುಗಳು ಹೆಚ್ಚು ಉದ್ದವಾಗಿದ್ದರೆ ಕೂಡುವೆಡೆಯು ಬಾಗಿ ನಿಲ್ಲುವುದು. ಹೆಚ್ಚು ಗಿಡ್ಡವಾಗಿದ್ದರೆ ಏಣಿಯು ಗಾಳಿಯಲ್ಲಿ ತೂಗುತ್ತಾ ಚೌಕಟ್ಟನ್ನೇ ಎಳೆಯುವುದು. ಹೊಸ ಏಣಿಯನ್ನು ಹಾಕಿಸುವಾಗ ಬಡಗಿಯು ಕಾಲುಗಳನ್ನು ನೆಲದ ಓರೆಗೆ ಸರಿಯಾಗಿ ಅಳೆದು ಕೊಯ್ಯಬೇಕು. ಚೌಕಟ್ಟನ್ನು ಬರಿಯ ಮುಚ್ಚಿಗೆಯ ಹಲಗೆಗಲ್ಲದೆ ತೊಲೆಗಳಿಗೇ, ಏಣಿಯೊಡನೆ ಬಂದ ಸೂಚನೆಯಲ್ಲಿ ಹೇಳಿರುವ ಬೋಲ್ಟುಗಳಿಂದಲೇ ಬಿಗಿಸಬೇಕು. ಈ ಕೆಲಸಕ್ಕೆ ನಿಂತು ನೋಡುವವರು ಮನೆಯ ಯಜಮಾನಿಯರೇ ಆಗಿರಲಿ. ಯಾಕೆಂದರೆ ಹತ್ತುವವರು ಅವರೇ ತಾನೆ?

ಎಷ್ಟು ಭಾರವನ್ನು ಹೊರಬಲ್ಲುದೆಂದು ಏಣಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಅಮೆರಿಕದ ಏಣಿಗಳಲ್ಲಿ ಈ ಲೆಕ್ಕವು ಪೌಂಡುಗಳಲ್ಲಿರುವುದು. ೨೫೦ ಪೌಂಡು ಎಂದರೆ ಸುಮಾರು ೧೧೩ ಕಿಲೋ. ಇದು ಹತ್ತುವವರ ಭಾರವಷ್ಟೇ ಅಲ್ಲ, ಅವರು ಹಿಡಿದಿರುವ ಸಾಮಾನಿನ ಭಾರವೂ ಸೇರಿದ್ದೆಂಬುದನ್ನು ಮರೆಯಬಾರದು. ಒಮ್ಮೆಗೆ ಒಬ್ಬರೇ ಏಣಿಯ ಮೇಲಿರಬೇಕೆಂಬ ನಿಯಮಕ್ಕೂ ಇದೇ ಕಾರಣ.

ಹತ್ತುವ ಮಾತನ್ನು ಸ್ವಲ್ಪದರಲ್ಲಿ ಹೇಳುವೆವು. ಹತ್ತುವಾಗಲೂ ಇಳಿಯುವಾಗಲೂ ಮುಖವು ಏಣಿಯ ಕಡೆಗೇ ಇರಬೇಕು. ಮನೆಯ ಮೆಟ್ಟಲುಗಳನ್ನು ಇಳಿಯುವಂತೆ ಬೆನ್ನು ಮಾಡಿ ಇಳಿಯುವುದು ಸರ್ವಥಾ ಕೂಡದು. ಈ ಏಣಿಯು ಮನೆಯ ಮೆಟ್ಟಲಿಗಿಂತ ಬಹಳ ಕಡಿದಾದುದು. ಎರಡು ಕೈ, ಎರಡು ಕಾಲು ಎಂಬ ನಾಲ್ಕರಲ್ಲಿ ಮೂರು ಯಾವಾಗಲೂ ಏಣಿಯನ್ನು ಹಿಡಿದಿರಬೇಕು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಕಣಕಾಲಿಗೆ ತೊಡರದಷ್ಟು ಎತ್ತಿಕಟ್ಟಬೇಕು. ಹವಾಯಿ ಚಪ್ಪಲಿಯಂತೆ ಹಿಮ್ಮಡಿ ಸಡಿಲವಾದ ಪಾದರಕ್ಷೆ, ಒದ್ದೆ ಕಾಲು, ನುಣುಪಾದ ಕಾಲುಚೀಲ, ಈ ಮೂರೂ ಬೇಡ.

ಏಣಿಯು ಅಟ್ಟದ ನೆಲದ ಮಟ್ಟಕ್ಕೇ ಮುಗಿಯುವುದಾದರೆ, ಅದರಿಂದ ಅಟ್ಟಕ್ಕೆ ಕಾಲಿಡುವ ಕ್ಷಣದಲ್ಲಿ ಕೈಗೆ ಹಿಡಿಯಲು ಏನೂ ಸಿಕ್ಕುವುದಿಲ್ಲ. ಅದೇ ಅತ್ಯಂತ ಅಪಾಯದ ಕ್ಷಣ. ಅಲ್ಲಿ ತೊಲೆಗೆ ಬಿಗಿದ ಒಂದು ಕೈಪಿಡಿಯನ್ನು ತಪ್ಪದೆ ಹಾಕಿಸಿರಿ. ಇಳಿಯುವಾಗ ಅದನ್ನು ಹಿಡಿದು, ಪೂರ್ತಿ ತಿರುಗಿ, ಮೊದಲ ಮೆಟ್ಟಲು ಕಾಲಿಗೆ ಸಿಕ್ಕಿದುದನ್ನು ನಿಶ್ಚಯ ಮಾಡಿಕೊಂಡ ಮೇಲೆಯೇ ಭಾರವನ್ನು ಬಿಡಬೇಕು. ಪೆಟ್ಟಿಗೆ, ಹಂಡೆ ಮೊದಲಾದುವನ್ನು ಅಪ್ಪಿಕೊಂಡು ಇಳಿಯಬಾರದು. ಹಗುರವಾದುದನ್ನು ಚೀಲದಲ್ಲಿ ಹಾಕಿ ಹಗ್ಗದಿಂದ ಇಳಿಸಿರಿ. ಭಾರವಾದುದನ್ನು ಇಳಿಸಲು ಇಬ್ಬರು ಬರುವ ದಿನವನ್ನು ಕಾಯಿರಿ. ಹಗ್ಗದಿಂದ ಇಳಿಸುವಾಗ ಕೆಳಗಿರುವವರು ಹೊರೆಯ ನೇರಕ್ಕೆ ನಿಲ್ಲಬಾರದೆಂದು ಹೇಳುವ ಅಗತ್ಯವಿಲ್ಲವಷ್ಟೆ.

ಅಟ್ಟದೊಳಗೆ ಕಾಲಿಡುವುದಕ್ಕೆ ಮುಂಚೆ ದೀಪವನ್ನು ಹಾಕಿ ನೋಡಿರಿ. ನಮ್ಮ ಕಡೆಯ ಅಟ್ಟಗಳಲ್ಲಿ ಕಣಜದ ಗೂಡು, ಚೇಳು, ಇಲಿ, ಇಲಿಯನ್ನು ಅರಸಿ ಬಂದ ಹಾವು ಇವೆಲ್ಲವೂ ಇರಬಹುದು. ಗೆದ್ದಲು ತಿಂದ ಹಲಗೆಯು ಹೊರಗಿನಿಂದ ಗಟ್ಟಿಯಾಗಿ ಕಂಡರೂ ಕಾಲಿಟ್ಟೊಡನೆ ಕುಸಿಯುವುದು. ಅಮೆರಿಕದ ಮನೆಗಳಲ್ಲಿ ತೊಲೆಗಳ ನಡುವೆ ಶಾಖವನ್ನು ತಡೆಯುವ ಹತ್ತಿಯಂತಹ ವಸ್ತುವನ್ನು ಹರಡಿರುತ್ತಾರೆ. ಅದರ ಕೆಳಗಿರುವುದು ಕಾಲಿನ ಭಾರವನ್ನು ತಾಳದ ತೆಳುವಾದ ಜಿಪ್ಸಂ ಹಲಗೆ. ಎರಡು ದೇಶಗಳಲ್ಲಿಯೂ ನಿಯಮವೊಂದೇ: ಕಾಲನ್ನು ತೊಲೆಯ ಮೇಲಿಡಿರಿ, ಅಥವಾ ತೊಲೆಗಳ ಮೇಲೆ ಹಾಸಿದ ಗಟ್ಟಿ ಹಲಗೆಯ ಮೇಲಿಡಿರಿ. ಏಣಿಯು ಅಲ್ಯೂಮಿನಿಯಂನದಾಗಿದ್ದರೆ ಬರಿದಾದ ವಿದ್ಯುತ್ ತಂತಿಗೆ ತಾಗದಂತೆ ವಿಶೇಷ ಎಚ್ಚರಿಕೆ ಬೇಕು.

ಮುಚ್ಚುವ ಕ್ರಮವು ತೆರೆಯುವ ಕ್ರಮದ ತಿರುವುಮುರುವು. ಮೊದಲು ಅಟ್ಟದಲ್ಲಿ ಯಾರೂ ಇಲ್ಲವೆಂದು ಕೂಗಿ ಕೇಳಿರಿ, ದೀಪವನ್ನು ಆರಿಸಿರಿ. ಬಳಿಕ ಕೆಳತುಂಡನ್ನು ಎತ್ತಿ ನಡುತುಂಡಿನ ಮೇಲೆ ಮಡಿಸಿರಿ. ಅವೆರಡನ್ನೂ ಕೂಡಿಸಿ ಮೇಲ್ತುಂಡಿನ ಮೇಲೆ ಮಡಿಸಿರಿ. ಕೈಗಳು ನಿಲುಗಂಬಗಳ ಹೊರಮಗ್ಗುಲಲ್ಲಿರಲಿ. ಏಣಿಯು ಪೂರ್ತಿ ಮಡಿಸಿಕೊಂಡು ಕದದ ಮೇಲೆ ಕುಳಿತಿರುವುದನ್ನು ನೋಡಿದ ಮೇಲೆ, ಅಂಗೈಯಿಂದ ಕದದ ಅಂಚನ್ನು ಮೇಲಕ್ಕೆ ತಳ್ಳಿರಿ. ಸ್ವಲ್ಪ ದೂರ ಏರಿದ ಮೇಲೆ ಸ್ಪ್ರಿಂಗುಗಳೇ ಅದನ್ನು ಎಳೆದುಕೊಳ್ಳುತ್ತವೆ. ಆಗ ಕೈಬಿಟ್ಟರೆ ಕದವು ಹಾರಿ ಚೌಕಟ್ಟಿಗೆ ಬಡಿಯುವುದು. ಬಡಿದು ಬಡಿದು ಬೋಲ್ಟುಗಳು ಸಡಿಲವಾಗುವುವು. ಆದುದರಿಂದ ಹಗ್ಗವನ್ನು ಬಿಗಿಹಿಡಿದು ಮೆಲ್ಲನೆ ಏರಗೊಡಿಸಿರಿ. ಕದವು ನಾಲ್ಕು ಮಗ್ಗುಲಲ್ಲಿಯೂ ಚೌಕಟ್ಟಿಗೆ ಸಮನಾಗಿ ಕೂತ ಮೇಲೆಯೇ ಕೆಲಸವು ಮುಗಿಯಿತು. ಚಿಲಕವಿದ್ದರೆ ಹಾಕಿರಿ, ಹಗ್ಗವು ಮಕ್ಕಳ ಕೈಗೆ ಎಟಕದಂತೆ ಎತ್ತಿ ಕಟ್ಟಿರಿ. ಕದವು ಕೊನೆಯಲ್ಲಿ ಎರಡಂಗುಲ ತೆರೆದುಕೊಂಡಿದ್ದರೆ “ಇರಲಿ, ನಾಳೆ ನೋಡೋಣ” ಎಂದು ಬಿಡಬೇಡಿರಿ. ಅದರ ಕೆಳಗೆ ರಾತ್ರಿ ನಡೆಯುವವರು ನೀವೇ.

ವರ್ಷಕ್ಕೆ ಎರಡು ಸಾರಿಯಾದರೂ ಏಣಿಯನ್ನು ಪರೀಕ್ಷಿಸುವ ವಾಡಿಕೆಯನ್ನಿಡಿರಿ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಕ್ರಿಸ್ಮಸ್ಸಿನ ನಕ್ಷತ್ರವನ್ನು ಇಳಿಸುವುದಕ್ಕೆ ಮುಂಚೆ ಇನ್ನೊಮ್ಮೆ. ಬೋಲ್ಟುಗಳನ್ನು ಬಿಗಿಮಾಡಿಸಿ, ಮರದಲ್ಲಿ ಸೀಳಿದೆಯೇ, ಮೆಟ್ಟಲು ಅಲುಗುವುದೇ, ತೋಳುಗಳು ಸೊಟ್ಟಗಾಗಿವೆಯೇ, ಸ್ಪ್ರಿಂಗಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಿರಿ. ಬಿಜಾಗರಿಗಳಿಗೆ ಎಣ್ಣೆ ಹಾಕಿರಿ. ಮೆಟ್ಟಲಿನ ಮೇಲೆ ಒಂದು ತೊಟ್ಟೂ ಬೀಳದಿರಲಿ. ಸ್ಪ್ರಿಂಗನ್ನು ಬದಲಾಯಿಸುವ ಕೆಲಸಕ್ಕೆ ಮಾತ್ರ ನೀವು ಕೈಹಾಕಬೇಡಿರಿ. ಹಿಗ್ಗಿದ ಸ್ಪ್ರಿಂಗು ಕಳಚಿಕೊಂಡರೆ ಮುಖವನ್ನೇ ಕೆಡಿಸಬಲ್ಲುದು. ಅದು ಬಲ್ಲವರ ಕೆಲಸ. ಒಂದು ಸೋತಾಗ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಇಲ್ಲವಾದರೆ ಕದವು ಒಂದು ಮಗ್ಗುಲಿಗೆ ಎಳೆಯುವುದು.

ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಯಾರಾದರೂ ಬಿದ್ದರೆ, ಬಿದ್ದವರನ್ನು ಕೂಡಲೇ ಎತ್ತಿ ನಿಲ್ಲಿಸುವುದು ನಮ್ಮ ಜನರ ಸ್ವಭಾವ. ಅದು ತಪ್ಪು. ಕುತ್ತಿಗೆ ಅಥವಾ ಬೆನ್ನು ನೋಯುವುದಾದರೆ, ಕೈಕಾಲು ಜೋಮು ಹಿಡಿದರೆ, ಪ್ರಜ್ಞೆ ತಪ್ಪಿದರೆ, ಅವರನ್ನು ಇದ್ದ ಜಾಗದಿಂದ ಕದಲಿಸದೆ ಆಂಬುಲೆನ್ಸನ್ನು ಕರೆಯಿರಿ. ಕರ್ನಾಟಕದಲ್ಲಿ ೧೦೮, ಅಮೆರಿಕದಲ್ಲಿ ೯೧೧. ತಲೆಗೆ ಪೆಟ್ಟಾದವರು ಮೊದಲು ಚೆನ್ನಾಗಿಯೇ ಇದ್ದು ಆಮೇಲೆ ವಾಂತಿ, ಮಂಪರು, ಹೆಚ್ಚುವ ತಲೆನೋವು ಕಾಣಿಸಿಕೊಂಡರೆ ತಡಮಾಡಬಾರದು. ವೃದ್ಧರೂ, ರಕ್ತವು ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ಪೆಟ್ಟು ಸಣ್ಣದೆಂದು ತೋರಿದರೂ ವೈದ್ಯರಿಗೆ ತೋರಿಸಲೇಬೇಕು. ಮನೆಯಲ್ಲಿ ಒಬ್ಬರೇ ಇರುವಾಗ ಅಟ್ಟಕ್ಕೆ ಹತ್ತದಿರುವುದೇ ಲೇಸು. ಹತ್ತಲೇಬೇಕಾದರೆ ಮೊಬೈಲ್ ಫೋನನ್ನು ಮೇಜಿನ ಮೇಲೆ ಬಿಡದೆ ಜೊತೆಯಲ್ಲಿಟ್ಟುಕೊಂಡು, ನೆರೆಯವರಿಗೆ ಒಂದು ಮಾತು ಹೇಳಿ ಹತ್ತಿರಿ.

ಕಡೆಗೆ ಪೋಷಕರಲ್ಲಿ ಒಂದು ಮಾತು. “ಹೆಣ್ಣುಮಕ್ಕಳು ಏಣಿ ಹತ್ತಬಾರದು” ಎಂದು ಹೇಳುವ ಮನೆಗಳು ಇನ್ನೂ ಉಂಟು. ಆದರೆ ಆ ಮನೆಗಳಲ್ಲಿ ಹೆಣ್ಣುಮಕ್ಕಳು ಹತ್ತುವುದಿಲ್ಲವೆಂದು ತಿಳಿಯಬೇಡಿರಿ. ಗಂಡಸರು ಮನೆಯಲ್ಲಿಲ್ಲದಾಗ, ಯಾರೂ ನೋಡದಾಗ, ಬೆಂಚಿನ ಮೇಲೆ ಸ್ಟೂಲನ್ನಿಟ್ಟು ಅವಸರದಿಂದ ಹತ್ತುತ್ತಾರೆ. ಕಲಿಸದೆ ತಡೆದರೆ ಹತ್ತುವುದು ನಿಲ್ಲುವುದಿಲ್ಲ. ತಿಳಿದು ಹತ್ತುವುದು ಮಾತ್ರ ನಿಲ್ಲುತ್ತದೆ. ನಮ್ಮ ಶಾಲೆಯಲ್ಲಿಯೂ ಹೊಸ ಏಣಿಯನ್ನು ಹಾಕಿಸಿದ ಮೇಲೆ ಎರಡು ವರ್ಷ ಅದನ್ನು ಬಡಗಿಯ ಹೊರತು ಯಾರೂ ಮುಟ್ಟಕೂಡದೆಂದು ನಾವೇ ಕಟ್ಟಪ್ಪಣೆ ಮಾಡಿದ್ದೆವು. ಅದು ಭಯದಿಂದ ಹುಟ್ಟಿದ ಅಪ್ಪಣೆಯೇ ಹೊರತು ವಿವೇಕದಿಂದ ಹುಟ್ಟಿದುದಲ್ಲ. ಈಗ ಒಂಬತ್ತನೆಯ ತರಗತಿಯ ಪ್ರತಿಯೊಬ್ಬ ಹುಡುಗಿಯೂ ಗೃಹವಿಜ್ಞಾನದ ಪಾಠದಲ್ಲಿ, ಉಪಾಧ್ಯಾಯಿನಿಯ ಎದುರಿನಲ್ಲಿ, ಆ ಏಣಿಯನ್ನು ಒಮ್ಮೆ ತಾನೇ ತೆರೆದು, ಸಂದುಗಳನ್ನು ಪರೀಕ್ಷಿಸಿ, ತಾನೇ ಮುಚ್ಚುತ್ತಾಳೆ. ಮೊದಲ ಪಾಠಕ್ಕೆ ನಮ್ಮ ಆಯಾಳನ್ನು ಕರೆಸಿದ್ದೆವು. ಆಕೆ ಹುಡುಗಿಯರ ಪಕ್ಕದಲ್ಲಿ ನಿಂತು ಹೇಳಿದ್ದು ಒಂದೇ ಮಾತು: “ಹಿಡಿದರೆ ಕೊನೆಯ ತನಕ ಹಿಡಿಯಬೇಕು ಮಕ್ಕಳೇ.” ಆಕೆ ಅದನ್ನು ನಮ್ಮನ್ನು ಉದ್ದೇಶಿಸಿ ಹೇಳಲಿಲ್ಲ. ನಾವು ಮಾತ್ರ ಅದನ್ನು ನಮಗೆ ಹೇಳಿದಂತೆಯೇ ಕೇಳಿದೆವು.

ಆದಿತ್ಯವಾರದ ಶಾಲೆಯಲ್ಲಿ ಕಲಿತವರಿಗೆ ಏಣಿಯೆಂದೊಡನೆ ಯಾಕೋಬನು ಕಂಡ ಕನಸು ನೆನಪಾಗುವುದು. ಆ ಏಣಿಯನ್ನು ಯಾರೂ ಹಿಡಿದು ನಿಲ್ಲಬೇಕಾಗಿರಲಿಲ್ಲ. ನಮ್ಮ ಮನೆಯ ಏಣಿಗಾದರೋ ಮನುಷ್ಯರ ಕಣ್ಣೂ ಕೈಯೂ ಬೇಕು. ಅರ್ಧ ತೆರೆದ ಏಣಿ, ಅರ್ಧ ಮುಚ್ಚಿದ ಕದ, ಅರ್ಧ ಹಿಡಿದ ಕೈ, ಈ ಮೂರರಿಂದ ದೂರವಿದ್ದರೆ ಅಟ್ಟವು ಭಯಪಡತಕ್ಕ ಜಾಗವಲ್ಲ.

ಅಮೆರಿಕದ ನಮ್ಮ ವಿದ್ಯಾರ್ಥಿನಿಯು ಈ ಸಂಚಿಕೆಯನ್ನು ಕ್ರಿಸ್ಮಸ್ಸಿಗೆ ಮುಂಚೆ ಓದುವಳೆಂದು ನಂಬಿದ್ದೇವೆ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವಸರವಿಲ್ಲದೆ, ಆಕೆಯು ಆ ಹಗ್ಗವನ್ನು ಎಳೆಯಲಿ. ನಕ್ಷತ್ರವು ಕೆಳಗಿಳಿದ ಸುದ್ದಿಯ ಕಾಗದವನ್ನು ನಾವು ಎದುರುನೋಡುತ್ತಿರುವೆವು.